ಎಂಟು ತಿದ್ದಿದ್ದು

ಇಪ್ಪತ್ತೆಂಟು ವರ್ಷಗಳ ನೌಕರಿಯಲ್ಲಿ ಎಷ್ಟು ಮಕ್ಕಳ ಕೈ ಹಿಡಿದು ಎಂಟು ತಿದ್ದಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಆದರೆ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಹತ್ತಾರು ಹುಡುಗರು ನೋಡುತ್ತ ನಿಂತಿರುವಾಗ, ಸುಣ್ಣದ ಪುಡಿಯಿಂದ ನೆಲದ ಮೇಲೆ ಬರೆದ ಎಂಟನ್ನು ನಾನೇ ಸ್ಕೂಟಿಯ ಗಾಲಿಯಿಂದ ತಿದ್ದಬೇಕಾದೀತು ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅದೂ ನಮ್ಮ ಕನ್ನಡದ ೮ ಅಲ್ಲ. ಕನ್ನಡದ ೮ ಆಗಿದ್ದರೆ ಒಂದು ಕೊಂಕು ತೆಗೆದು ಸುಮ್ಮನೆ ಹೊರಗೆ ಹೋಗಿಬಿಡಬಹುದಿತ್ತು. ಅದು ಇಂಗ್ಲಿಷಿನ 8. ಎಲ್ಲಿ ಶುರು ಮಾಡಿದಿರೋ ಅಲ್ಲಿಗೇ ತಿರುಗಿ ಬರಬೇಕು. ನಡುವೆ ಕಾಲು ನೆಲಕ್ಕೆ ತಾಗಬಾರದು.

ಈ ವಯಸ್ಸಿನಲ್ಲಿ ಈ ಹುಚ್ಚು ಏಕೆ ಎಂದು ನೀವು ಕೇಳಬಹುದು. ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದಾರೆ. ಹೇಳುತ್ತೇನೆ.

ನಮ್ಮದು ಹುಮನಾಬಾದ ತಾಲ್ಲೂಕಿನ ದುಬಲಗುಂಡಿ. ನಾನು ಪಾಠ ಹೇಳುವ ಶಾಲೆ ಇರುವುದು ಇನ್ನೂ ಒಳಗಿನ ಹಳ್ಳಿಯಲ್ಲಿ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ದುಡ್ಡಿಲ್ಲ, ನಿಜ. ಆದರೆ ಬಸ್ಸಿಗೆ ನಾವು ಕಾಯಬೇಕೇ ಹೊರತು ಬಸ್ಸು ನಮಗೆ ಕಾಯುವುದಿಲ್ಲವಲ್ಲ! ಆದ್ದರಿಂದ ಇಪ್ಪತ್ತು ವರ್ಷ ನನ್ನನ್ನು ಶಾಲೆಗೆ ಮುಟ್ಟಿಸಿದ್ದು ನಮ್ಮ ಮನೆಯವರ ಮೋಟಾರ್ ಸೈಕಲ್ಲು. ಬೆಳಿಗ್ಗೆ ಒಂಬತ್ತಕ್ಕೆ ಅವರು ಗಾಡಿ ಚಾಲೂ ಮಾಡಿ ಅಂಗಳದಲ್ಲಿ ನಿಂತರೆ, ನಾನು ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಓಡಿ ಬಂದು ಕೂಡುತ್ತಿದ್ದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಎದುರಿಗೆ ಬಂದಾಗ ಕಣ್ಣು ಮುಚ್ಚುವುದು ನನ್ನ ಕೆಲಸ, ಬಾಜೂಕ್ಕೆ ಗಾಡಿ ಇಳಿಸುವುದು ಅವರ ಕೆಲಸ.

ಮೂರು ವರ್ಷದ ಹಿಂದೆ ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಸಕ್ಕರೆ ಬಹಳ ದಿನ ಹತೋಟಿ ತಪ್ಪಿದರೆ ಕಣ್ಣಿನ ಹಿಂದಿನ ಪರದೆಯ ಸಣ್ಣ ರಕ್ತನಾಳಗಳು ಕೆಡುತ್ತವಂತೆ. ನೋವಿಲ್ಲ, ಉರಿಯಿಲ್ಲ, ತಿಳಿಯುವಷ್ಟರಲ್ಲಿ ಅರ್ಧ ದೃಷ್ಟಿ ಹೋಗಿರುತ್ತದೆ. ಡಾಕ್ಟರು ಲೇಸರ್ ಮಾಡಿ, ಇದ್ದದ್ದನ್ನು ಉಳಿಸಿಕೊಟ್ಟು, ಇನ್ನು ಗಾಡಿ ಹೊಡೆಯಬಾರದು ಎಂದರು. ಅವರು ಏನೂ ಮಾತಾಡಲಿಲ್ಲ. ಮನೆಗೆ ಬಂದು ಗಾಡಿಯ ಕೀಲಿಯನ್ನು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದರು. ಮರುದಿನದಿಂದ ನಾನು ಬಸ್ಸಿಗೆ, ಇಲ್ಲವೆ ಸಿಕ್ಕ ಟಂಟಂಗೆ.

ಅಂಗಳದಲ್ಲಿ ಇನ್ನೊಂದು ಗಾಡಿಯೂ ಇತ್ತು, ಮಗನ ಸ್ಕೂಟಿ. ಯಾವ ಕಂಪನಿಯದೇ ಇರಲಿ, ಗೇರಿಲ್ಲದ ಗಾಡಿಗೆಲ್ಲ ನಮ್ಮ ಕಡೆ ಸ್ಕೂಟಿ ಎಂದೇ ಹೆಸರು. ಮಗನಿಗೆ ಹದಿನಾರು ತುಂಬಿದಾಗ ಅವನಪ್ಪ ಕಲಿಸಿದ್ದರು. ಆಗ ನಾವು ಯಾರೂ ಕಾನೂನು ಕೇಳಲಿಲ್ಲ. ಗಂಡು ಹುಡುಗ, ಕಲಿತರೆ ಒಳ್ಳೆಯದೇ ಅಂದುಕೊಂಡೆವು. ಮಗಳಿಗೆ ಹದಿನಾರು ತುಂಬಿ, “ಅವ್ವ, ನನಗೂ ಕಲಿಸ್ರಿ” ಎಂದಾಗ ಮಾತ್ರ ನನಗೆ ಇದ್ದಕ್ಕಿದ್ದಂತೆ 1988ರ ಮೋಟಾರು ವಾಹನ ಕಾಯಿದೆ ನೆನಪಾಯಿತು. ಹದಿನಾರಕ್ಕೆ ಲೈಸೆನ್ಸು ಸಿಗುವುದು ಐವತ್ತು ಸಿ.ಸಿ. ಒಳಗಿನ ಗಾಡಿಗೆ ಮಾತ್ರ. ನಮ್ಮ ಸ್ಕೂಟಿ ಅದರ ಎರಡರಷ್ಟಿದೆ. 2019ರ ತಿದ್ದುಪಡಿಯ ಮೇಲೆ ಸಣ್ಣವರು ಗಾಡಿ ಹೊಡೆದು ಸಿಕ್ಕರೆ ತಂದೆತಾಯಿಗೆ ಇಪ್ಪತ್ತೈದು ಸಾವಿರ ದಂಡ, ಮೂರು ವರ್ಷದವರೆಗೆ ಜೈಲು ಎಂದು ಪಾಠ ಒಪ್ಪಿಸಿದೆ. ಪಾಠವೇನೋ ಸರಿಯಾದದ್ದೇ. ಮಗನ ಕಾಲಕ್ಕೂ ಅರ್ಧಕ್ಕರ್ಧ ಕಾನೂನು ಇತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಹದಿನೆಂಟು ತುಂಬಿತು. ಕಾನೂನಿನ ನೆಪ ಮುಗಿಯಿತು, “ಜನ ಏನಂತಾರ” ಶುರುವಾಯಿತು. ಡಿಗ್ರಿ ಓದಲು ದಿನಾ ಹುಮನಾಬಾದಿಗೆ ಹೋಗುವ ಹುಡುಗಿ. ಗಾಡಿ ಕೊಟ್ಟರೆ ಹೆದ್ದಾರಿಗೆ ಹೋಗುತ್ತಾಳೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ದೊಡ್ಡ ದೊಡ್ಡ ಲಾರಿಗಳೆಲ್ಲ ಆ ಅರವತ್ತೈದನೆಯ ನಂಬರಿನ ರಸ್ತೆಯಲ್ಲೇ. ಕತ್ತಲಾದರೆ? ಗಾಡಿ ಕೆಟ್ಟು ನಿಂತರೆ? ಮಗ ರಜೆಗೆ ಬಂದಾಗ ತಂಗಿಯನ್ನು ಕಾಡಿಸುತ್ತಿದ್ದ: “ಹೆಣ್ಣುಮಕ್ಳು ಬ್ರೇಕ್ ಹಾಕೂದಿಲ್ಲ, ಎರಡೂ ಕಾಲು ಕೆಳಗ ಬಿಡ್ತಾರ.” ಎಲ್ಲರೂ ನಗುತ್ತಿದ್ದೆವು. ನಾನೂ ನಗುತ್ತಿದ್ದೆ. ಅವನು ಪುಣೆಗೆ ನೌಕರಿಗೆ ಹೋದ ಮೇಲೆ ಸ್ಕೂಟಿಗೆ ಹಳೆಯ ಚಾದರ ಹೊದಿಸಿಟ್ಟೆವು.

ಮಳೆಗಾಲದ ಒಂದು ರಾತ್ರಿ. ಒಂದು ಗಂಟೆಯಾಗಿರಬೇಕು. ಇವರು ಏನೋ ತೊದಲುತ್ತಿರುವ ಸಪ್ಪಳಕ್ಕೆ ಎದ್ದೆ. ಮೈಯೆಲ್ಲ ಬೆವತು ಅಂಗಿ ತೊಯ್ದಿತ್ತು. ಸಕ್ಕರೆ ಇಳಿದಿದೆ ಎಂದು ತಿಳಿಯಿತು. ಎಚ್ಚರವಿದ್ದರು, ಸಕ್ಕರೆ ಕಲಸಿದ ನೀರು ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಚೇತರಿಸಿಕೊಂಡರು, ಮತ್ತೆ ಮಂಪರು. ದವಾಖಾನೆಗೆ ಒಯ್ಯಲೇಬೇಕು. ನಮ್ಮ ಪರಿಚಯದ ಜೀಪಿನವನ ಫೋನು ಬಂದಾಗಿತ್ತು. ಅವನ ಮನೆ ಊರ ಹೊರಗೆ, ಹೊಲದಲ್ಲಿ. ಇವರನ್ನು ಬಿಟ್ಟು ನಾನು ಏಳುವ ಹಾಗಿಲ್ಲ. “ನಾ ಕರ್ಕೊಂಡು ಬರ್ತೀನಿ” ಎಂದು ಮಗಳು ಬಾಗಿಲು ತೆಗೆದು ಮಳೆಯಲ್ಲಿ ಓಡಿದಳು.

ಆ ಅರ್ಧ ಗಂಟೆಯನ್ನು ಹೇಗೆ ಹೇಳಲಿ? ಒಂದು ಕಿವಿ ಇವರ ಉಸಿರಿಗೆ, ಇನ್ನೊಂದು ಕಿವಿ ಬೀದಿಗೆ. ಎಲ್ಲೋ ನಾಯಿಗಳು ಒಂದೇ ಸಮನೆ ಬೊಗಳಿದವು. ಕೊನೆಗೆ ಜೀಪಿನ ಬೆಳಕು ಗೋಡೆಯ ಮೇಲೆ ಬಿದ್ದಾಗ ಮಗಳು ಇಳಿದಳು. ಕಾಲೆಲ್ಲ ಕೆಸರು, ಒಂದೇ ಕಾಲಿನಲ್ಲಿ ಚಪ್ಪಲಿ. ದೇವರ ದಯೆ, ಬೆಳಗಾಗುವ ಹೊತ್ತಿಗೆ ಇವರು ದವಾಖಾನೆಯ ಮಂಚದ ಮೇಲೆ ಕುಳಿತು ಚಹ ಕೇಳಿದರು. ಸಕ್ಕರೆ ಹಾಕಿದ ಚಹವನ್ನು ಅವತ್ತು ಒಂದು ದಿನ ನಾನೇ ಕೊಟ್ಟೆ.

ಮಗಳು ಗೋಡೆಗೆ ಒರಗಿ ಕುಳಿತಿದ್ದಳು. ಸಿಟ್ಟಿಲ್ಲದ ದನಿಯಲ್ಲಿ ಒಂದೇ ಮಾತು ಅಂದಳು: “ಅಂಗಳದಾಗ ಗಾಡಿ ಇತ್ತವ್ವ. ನಾ ಓಡಿ ಹೋದೆ.”

ಗಾಡಿ ಕಲಿತರೆ ಹುಡುಗಿಗೆ ಕತ್ತಲಲ್ಲಿ ಏನಾದೀತೋ ಎಂದು ಹೆದರಿದವಳು ನಾನು. ಗಾಡಿ ಕಲಿಸದೆ ಅವಳನ್ನು ಬರಿಗಾಲಲ್ಲಿ ಕತ್ತಲಿಗೆ ಕಳಿಸಿದವಳೂ ನಾನೇ. ಶಾಲೆಯಲ್ಲಿ ಮಕ್ಕಳ ತಪ್ಪಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತ ಬಂದ ನನಗೆ, ನನ್ನ ತಪ್ಪಿಗೆ ಗೆರೆ ಎಳೆದು ತೋರಿಸಿದ್ದು ಆ ಒಂದು ಮಾತು. ಮನೆಗೆ ಬಂದವಳೇ ಸ್ಕೂಟಿಯ ಮೇಲಿನ ಚಾದರ ತೆಗೆದೆ. “ನೀ ಕಲಿ. ನಾನೂ ಕಲೀತೀನಿ” ಎಂದೆ. ಮಗಳಿಗೆ ನಗು ಬಂತು. ಆಮೇಲೆ ನಾನು ನಗುತ್ತಿಲ್ಲ ಎಂದು ನೋಡಿ ಸುಮ್ಮನಾದಳು.

ಇಬ್ಬರೂ ಒಂದೇ ದಿನ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿದೆವು. ರಸ್ತೆಯ ಗುರುತುಗಳ ಪ್ರಶ್ನೆಗಳಿಗೆ ಕಂಪ್ಯೂಟರಿನಲ್ಲಿ ಉತ್ತರ ಒತ್ತುವ ಪರೀಕ್ಷೆ. ಅದರಲ್ಲಿ ಮಗಳಿಗಿಂತ ನನಗೇ ಹೆಚ್ಚು ಅಂಕ ಬಂತೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ! ಆ ಲೈಸೆನ್ಸು ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ ಗಾಡಿ ಹೊಡೆದು ತೋರಿಸುವ ಪರೀಕ್ಷೆಗೆ ಹೋಗಬಹುದು. ಗಾಡಿಯ ಹಿಂದೆ ಮುಂದೆ ಬಿಳಿಯ ಮೇಲೆ ಕೆಂಪು ‘ಎಲ್’ ಅಂಟಿಸಿಕೊಂಡು ಊರ ಹೊರಗಿನ ಬಯಲಿಗೆ ದಿನಾ ಸಂಜೆ ಹೊರಟೆವು.

ಕಲಿಸಿದವರು ಯಾರು ಅಂದಿರಿ? ನಮ್ಮ ಮನೆಯವರೇ. ಬಯಲಿನ ಒಂದು ಕಲ್ಲಿನ ಮೇಲೆ ಕೂಡುತ್ತಿದ್ದರು. ನಾವು ಅವರಿಗೆ ಎರಡು ಮಸುಕು ಆಕಾರಗಳಾಗಿ ಕಂಡಿರಬೇಕು. ಆದರೆ ಇಂಜಿನ್ನಿನ ದನಿಯಿಂದಲೇ ಎಲ್ಲ ತಿಳಿಯುತ್ತಿತ್ತು. “ರೇಸ್ ಜಾಸ್ತಿ ಆತು!” “ಬ್ರೇಕ್ ಒಮ್ಮೆಲೆ ಹಿಡೀಬ್ಯಾಡ್ರಿ, ಸಾವಕಾಶ!” ಕಣ್ಣು ಹೋದ ಮೇಲೆ ಅವರ ಬಾಯಿಂದ ಅಷ್ಟು ಮಾತು ಬಂದದ್ದು ಆ ಬಯಲಿನಲ್ಲೇ ಮೊದಲು.

ಊರಿನ ಬಾಯಿ ಮುಚ್ಚುವವರು ಯಾರು? “ಟೀಚರ್, ರಿಟೈರ್ ಆಗೂ ಟೈಮಿನಾಗ ಎಲ್ಲಿಗ್ರಿ ಸವಾರಿ?” ಎಂದು ಒಬ್ಬರು. “ತಾಯಿಗೆ ತಕ್ಕ ಮಗಳು” ಎಂದು ಇನ್ನೊಬ್ಬರು. ಅಂಥವರಿಗೆ ನಾನು ನನ್ನ ಸಮಾಜ ವಿಜ್ಞಾನದ ಚೀಲದಿಂದ ಬರ್ತಾ ಬೆಂಜಳ ಕಥೆ ತೆಗೆಯುತ್ತಿದ್ದೆ. ಮೋಟಾರು ಕಾರು ಮಾಡಿದ ಕಾರ್ಲ್ ಬೆಂಜನ ಹೆಂಡತಿ. ಗಂಡನ ಗಾಡಿಯನ್ನು ಕೊಳ್ಳಲು ಜನ ಹಿಂದೆಮುಂದೆ ನೋಡುತ್ತಿದ್ದ ಕಾಲ. 1888ರ ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಗಂಡನಿಗೆ ಹೇಳದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಜ್‌ಹೈಮಿನ ತವರಿಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ ಗಾಡಿ ಹೊಡೆದಳು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡರೆ ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಇಂಧನ ಮುಗಿದರೆ ಔಷಧಿಯ ಅಂಗಡಿಯಲ್ಲಿ ಕೊಂಡಳು. ಮೋಟಾರು ದೂರದ ದಾರಿಗೂ ಆದೀತು ಎಂದು ಲೋಕಕ್ಕೆ ತೋರಿಸಿದ್ದು ತವರಿಗೆ ಹೊರಟ ಒಬ್ಬ ಹೆಣ್ಣುಮಗಳು! ಅಷ್ಟು ದೂರ ಏಕೆ, ನಮ್ಮ ನೆರೆಯ ತಮಿಳುನಾಡಿನ ಪುದುಕೋಟೆ ಜಿಲ್ಲೆಯಲ್ಲಿ 1990ರ ಆಚೀಚೆ ಸಾಕ್ಷರತಾ ಆಂದೋಲನ ನಡೆದಾಗ ಅಕ್ಷರದ ಜೊತೆ ಸೈಕಲ್ಲನ್ನೂ ಕಲಿಸಿದರು. ಹೊಲದ ಕೂಲಿ, ಕಲ್ಲು ಗಣಿಯ ಕೂಲಿ ಮಾಡುವ ಹೆಂಗಸರು ಸಾವಿರಗಟ್ಟಲೆ ಕಲಿತರು. ಓದು ಬಂದರೆ ಬಸ್ಸಿನ ಬೋರ್ಡು ಓದಬಹುದು, ಸೈಕಲ್ಲು ಬಂದರೆ ಬಸ್ಸಿಗೆ ಕಾಯುವುದೇ ಬೇಡ.

ಪರೀಕ್ಷೆಯ ಹಿಂದಿನ ರಾತ್ರಿ ಮಗಳಿಗೆ ಊಟ ಸೇರಲಿಲ್ಲ. ನನಗೂ ಅಷ್ಟೇ, ಆದರೆ ತಾಯಿಯಾದವಳು ತೋರಿಸಬಾರದಲ್ಲ. ಅಷ್ಟರಲ್ಲಿ ಪುಣೆಯಿಂದ ಮಗ ಫೋನಿಗೆ ಏನೋ ಕಳಿಸಿದ. ಅಮೆರಿಕದ ಹಳೆಯ ನಗೆ ಧಾರಾವಾಹಿ ‘ದಿ ಬ್ರೇಡಿ ಬಂಚ್’ ಎಂಬುದರ ಒಂದು ಕಂತು. 1969ರಿಂದ 1974ರವರೆಗೆ ನಡೆದದ್ದಂತೆ. ಮೂವರು ಗಂಡುಮಕ್ಕಳ ತಂದೆ, ಮೂವರು ಹೆಣ್ಣುಮಕ್ಕಳ ತಾಯಿ ಮದುವೆಯಾಗಿ ಒಂದೇ ಮನೆಯಲ್ಲಿ ಸಂಸಾರ ಹೂಡಿದ ಕಥೆ. ಈ ಕಂತಿನ ಹೆಸರು ‘ದಿ ಡ್ರೈವರ್ಸ್ ಸೀಟ್’, ಪ್ರಸಾರವಾದದ್ದು 1974ರ ಜನವರಿಯಲ್ಲಿ. ಆಗ ನಾನು ಸ್ಲೇಟು ಕೂಡ ಹಿಡಿಯದ ಕೂಸು.

ಮಗಳು ಅರ್ಥ ಹೇಳುತ್ತ ಹೋದಳು, ನಾವು ಮೂವರೂ ಅಷ್ಟು ಸಣ್ಣ ಪರದೆಯ ಸುತ್ತ ತಲೆ ಕೂಡಿಸಿ ಕುಳಿತೆವು. ದೊಡ್ಡ ಮಗಳು ಮಾರ್ಷಾ ಡ್ರೈವಿಂಗ್ ಪರೀಕ್ಷೆಗೆ ಹೋಗಬೇಕು. ಹೆಂಗಸರು ಗಾಡಿ ಹೊಡೆಯುವುದರಲ್ಲಿ ಗಂಡಸರ ಸಮ ಅಲ್ಲ ಎಂದು ಅಣ್ಣ ಗ್ರೆಗ್‌ನ ಜಂಬ. ಇಬ್ಬರಲ್ಲೂ ಪಂತ. ಮನೆಯಲ್ಲಿ ಎಲ್ಲ ಬರುತ್ತಿದ್ದ ಹುಡುಗಿ ಪರೀಕ್ಷಕರು ಪಕ್ಕದಲ್ಲಿ ಕೂತ ಕೂಡಲೇ ಗಾಬರಿಯಾಗಿ ಎಲ್ಲ ಮರೆತಳು. ಎರಡನೆಯ ಸಲ ಹೋದಾಗ ಅಪ್ಪ ಹೇಳಿದ್ದ ಒಂದು ಉಪಾಯ ಮಾಡಿದಳು: ಯಾರ ಭಯವೋ ಅವರನ್ನು ಬರೀ ಒಳಚಡ್ಡಿ ಬನಿಯನ್ನಿನಲ್ಲಿ ಇದ್ದಂತೆ ಕಲ್ಪಿಸಿಕೊಳ್ಳುವುದು! ಪಾಸಾದಳು. ಕೊನೆಗೆ ಅಣ್ಣತಂಗಿಯರಿಗೆ ಒಂದು ಪಂದ್ಯ. ಕೋನಿನ ಮೇಲೆ ಒಂದು ಮೊಟ್ಟೆ. ಅದು ಬೀಳದ ಹಾಗೆ ಹತ್ತಿರ ತಂದು ಕಾರು ನಿಲ್ಲಿಸಬೇಕು. ಮೊಟ್ಟೆ ಒಡೆದದ್ದು ಅಣ್ಣನ ಕಾರಿನಿಂದ.

ಕಂತು ಮುಗಿದ ಮೇಲೆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣ ಇದನ್ನೇ ಕಳಿಸ್ಯಾನ ನೋಡವ್ವ” ಎಂದಳು. ಕ್ಷಮಾಪಣೆ ಕೇಳುವುದು ನಮ್ಮ ಮನೆಯ ಗಂಡಸರ ವಂಶದಲ್ಲೇ ಇಲ್ಲ. ಆದರೂ ಒಡೆದ ಮೊಟ್ಟೆಯನ್ನು ಪುಣೆಯಿಂದ ಇಲ್ಲಿಗೆ ಕಳಿಸಿದ್ದನಲ್ಲ!

ನನಗೆ ಮಾತ್ರ ಆ ಒಳಚಡ್ಡಿಯ ಉಪಾಯ ನಿದ್ದೆಗೆಡಿಸಿತು. ಅಯ್ಯೋ ಶಿವನೇ, ನನ್ನ ಎದುರು ಮಗ್ಗಿ ಒಪ್ಪಿಸಿದ ಮಕ್ಕಳಲ್ಲಿ ಯಾರಿಗಾದರೂ ಈ ಉಪಾಯ ಗೊತ್ತಿದ್ದಿದ್ದರೆ! ಆಮೇಲೆ ನಮ್ಮ ಕಾಲದ ದೂರದರ್ಶನ ನೆನಪಾಯಿತು. ನಾನು ಬಿ.ಎ. ಓದುವಾಗ, 1989ರಲ್ಲಿ ‘ಉಡಾನ್’ ಶುರುವಾಯಿತು. ಸರ್ಫ್ ಜಾಹೀರಾತಿನ ಲಲಿತಾಜಿ ಎಂದು ನಮಗೆಲ್ಲ ಪರಿಚಯವಿದ್ದ ಕವಿತಾ ಚೌಧರಿ ತಾನೇ ಬರೆದು, ನಿರ್ದೇಶಿಸಿ, ಪೊಲೀಸ್ ಅಧಿಕಾರಿಯಾಗುವ ಕಲ್ಯಾಣಿಯ ಪಾತ್ರ ಮಾಡಿದ್ದರು. ಟೀವಿ ಇದ್ದವರ ಮನೆಯಲ್ಲಿ ನಾವು ಹುಡುಗಿಯರು ಬಾಗಿಲ ಬಳಿ ಕುಳಿತು ನೋಡುತ್ತಿದ್ದೆವು. ಆಕೆ 2024ರ ಫೆಬ್ರವರಿಯಲ್ಲಿ ತೀರಿಕೊಂಡರೆಂದು ಓದಿದಾಗ ಹತ್ತಿರದವರು ಯಾರೋ ಹೋದಂತೆ ಸಂಕಟವಾಗಿತ್ತು. ಆ ಅಮೆರಿಕದ ಹುಡುಗಿ ಸಾಹೇಬರ ಬಟ್ಟೆ ಕಳೆದು ಭಯ ಗೆದ್ದಳು; ನಮ್ಮ ಕಲ್ಯಾಣಿ ಆ ಬಟ್ಟೆಯನ್ನು ತಾನೇ ತೊಟ್ಟು ಗೆದ್ದಳು. ಎರಡೂ ಆಗದ ನಾನು ಇಳಕಲ್ ಸೀರೆಗೆ ಪಿನ್ನು ಹಾಕಿಕೊಂಡು ಪರೀಕ್ಷೆಗೆ ಹೊರಟೆ.

ಮಗಳು ಮೊದಲು ಹೋದಳು. ಸುಣ್ಣದ ಗೆರೆಯ ಒಳಗೆ ನೀರು ಹರಿದಂತೆ ಎರಡು ಸುತ್ತು ತಿರುಗಿ, ಕೈ ತೋರಿಸಿ, ನಿಲ್ಲಿಸಿದಳು. ಇನ್‌ಸ್ಪೆಕ್ಟರು ಕಾಗದದ ಮೇಲೆ ಗುರುತು ಹಾಕಿ, “ಮುಂದಿನವರು” ಎಂದರು.

ಮುಂದಿನವಳು ನಾನು. ಬಯಲಿನಲ್ಲಿ ಐವತ್ತು ಸಲ ತಿರುಗಿಸಿದ ಎಂಟು. ಆದರೆ ಅವರು ಪೆನ್ನು ಹಿಡಿದು ನನ್ನನ್ನೇ ನೋಡುತ್ತ ನಿಂತಿದ್ದರು. ಆ ಪೆನ್ನು ಕಂಡದ್ದೇ ನನ್ನ ಕೈ ತಣ್ಣಗಾಯಿತು. ಬ್ರೇಕು ಬಲಗೈಯದೋ ಎಡಗೈಯದೋ ಎಂಬುದೇ ಮರೆತು, ಎಂಟರ ಸೊಂಟಕ್ಕೆ ಬರುವಷ್ಟರಲ್ಲಿ ಗಾಡಿ ವಾಲಿತು, ಎರಡೂ ಕಾಲು ನೆಲಕ್ಕೆ ಬಿದ್ದವು. ಮಗ ಹೇಳಿದ ಹಾಗೆಯೇ! ಯಾರೋ ಹುಡುಗ ಕಿಸಕ್ಕನೆ ನಕ್ಕ. “ಪರವಾಗಿಲ್ರಿ ಮೇಡಂ, ಏಳು ದಿವಸ ಬಿಟ್ಟು ಬರ್ರಿ” ಎಂದರು ಇನ್‌ಸ್ಪೆಕ್ಟರು. ಅವರು ಗದರಿಸಲಿಲ್ಲ, ನಗಲಿಲ್ಲ. ಆದರೂ ನನ್ನ ಕಣ್ಣು ತುಂಬಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಇಪ್ಪತ್ತು ವರ್ಷದ ಹಿಂದಿನ ಒಬ್ಬ ಹುಡುಗಿ ನೆನಪಾದಳು. ಆಗ ನಾನು ಪ್ರಾಥಮಿಕ ಶಾಲೆಯಲ್ಲಿದ್ದೆ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬರುತ್ತಿದ್ದಳು. ಗೆಳತಿಯರ ಜೊತೆ ಕುಂಟಾಬಿಲ್ಲೆ ಆಡುವಾಗ ಎಂಟರ ಮಗ್ಗಿಯನ್ನು ಹಾಡಿನ ಹಾಗೆ ಹೇಳುತ್ತಿದ್ದಳು. ನಾನು ಕಟ್ಟಿಗೆಯ ಸ್ಕೇಲು ಹಿಡಿದು ಎದುರು ನಿಂತರೆ ಎಂಟೆರಡ್ಲಿ ಹದಿನಾರಕ್ಕೇ ನಿಂತುಬಿಡುತ್ತಿದ್ದಳು. “ಮನೆಯಲ್ಲಿ ಓದೂದಿಲ್ಲ, ಆಟ ಮಾತ್ರ ಬೇಕು” ಎಂದು ಎಲ್ಲರೆದುರು ಅನ್ನುತ್ತಿದ್ದೆ. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ಮನೆಯವರು ಬಿಡಿಸಿದರೋ, ನನ್ನ ಸ್ಕೇಲು ಬಿಡಿಸಿತೋ, ನಾನು ಆಗ ಹೋಗಿ ಕೇಳಲಿಲ್ಲ. ಓದದೆ ಇರುವುದಕ್ಕೂ ಓದಿದ್ದು ಭಯಕ್ಕೆ ಮರೆತುಹೋಗುವುದಕ್ಕೂ ಇರುವ ಅಂತರವನ್ನು ಬಿ.ಎಡ್.ನ ಮನಶ್ಶಾಸ್ತ್ರದಲ್ಲಿ ಓದಿ ಪಾಸಾಗಿದ್ದೆ. ತಿಳಿದದ್ದು ಮಾತ್ರ ಇವತ್ತು, ಸ್ಕೂಟಿಯ ಮೇಲೆ.

ಮಗಳು ನಗಲಿಲ್ಲ. ಆ ಏಳು ದಿನ ಅವಳೇ ನನ್ನ ಟೀಚರಾದಳು. “ಅವ್ವ, ನೀ ಗಾಲಿ ನೋಡ್ತೀದಿ. ಗಾಲಿ ನೋಡಬ್ಯಾಡ, ಹೋಗಬೇಕಾದ ಕಡೆ ನೋಡು. ಗಾಡಿ ತಾನೇ ಬರ್ತದ” ಎಂದಳು. ಒಂದು ಸಲವೂ ದನಿ ಎತ್ತಲಿಲ್ಲ. ಇಷ್ಟು ತಾಳ್ಮೆ ಇವಳಿಗೆ ಯಾರಿಂದ ಬಂತು? ನನ್ನಿಂದಂತೂ ಅಲ್ಲ.

ಎರಡನೆಯ ಸಲ ಇನ್‌ಸ್ಪೆಕ್ಟರು ಅದೇ ಪೆನ್ನು ಹಿಡಿದು ನಿಂತರು. ಒಳಚಡ್ಡಿಯ ಉಪಾಯಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಹಿರಿಯ ಹೆಂಗಸು, ಹಾಗೆಲ್ಲ ಎಣಿಸಬಾರದು. ಅವರನ್ನು ಮೂರನೆಯ ತರಗತಿಯ ಹುಡುಗನನ್ನಾಗಿ ಮಾಡಿಕೊಂಡೆ. ಗುಂಡಿ ಕಿತ್ತ ಅಂಗಿ, ಖಾಕಿ ಚಡ್ಡಿ, ಕೈಯಲ್ಲಿ ಬಳಪ. ಅಂಥ ಹುಡುಗರನ್ನು ನೂರಾರು ಕಂಡಿದ್ದೇನೆ, ಅಂಥವರ ಭಯ ನನಗೇನು? ಗಾಲಿಯ ಕಡೆ ನೋಡಲಿಲ್ಲ, ಹೋಗಬೇಕಾದ ಕಡೆ ನೋಡಿದೆ. ಎಂಟರ ಸೊಂಟ ದಾಟಿತು, ಮೇಲಿನ ಸುತ್ತು, ಕೆಳಗಿನ ಸುತ್ತು, ಶುರು ಮಾಡಿದಲ್ಲಿಗೇ ಬಂದು ನಿಂತೆ. ಗೆರೆಯ ಆಚೆ ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಈಗ ಶಾಲೆಯಲ್ಲಿ ಮಕ್ಕಳು ಪಾಠ ಒಪ್ಪಿಸುವಾಗ ನಾನು ಎದುರು ನಿಲ್ಲುವುದಿಲ್ಲ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ಕೇಳುತ್ತೇನೆ. ನಿಂತುಹೋಗುತ್ತಿದ್ದ ಎಷ್ಟೋ ಪಾಠಗಳು ಪೂರ್ತಿಯಾಗುತ್ತಿವೆ. ಕಟ್ಟಿಗೆಯ ಸ್ಕೇಲು ಗೆರೆ ಹಾಕುವುದಕ್ಕೆ ಮಾತ್ರ ಇದೆ.

ಲೈಸೆನ್ಸು ಅಂಚೆಯಲ್ಲಿ ಬಂದ ವಾರ ಇವರ ಕಣ್ಣಿನ ತಪಾಸಣೆಗೆ ಹುಮನಾಬಾದಿಗೆ ಹೋಗುವುದಿತ್ತು. ಮಗಳು ಕಾಲೇಜಿಗೆ ಹೋಗಿದ್ದಳು. ನಾನು ಅಂಗಳದಲ್ಲಿ ಗಾಡಿ ಚಾಲೂ ಮಾಡಿ ನಿಂತೆ. ಇವರು ಬಾಗಿಲಲ್ಲಿ ಬಹಳ ಹೊತ್ತು ನಿಂತರು. ಓಣಿಯವರೆಲ್ಲ ಕಟ್ಟೆಯ ಮೇಲಿದ್ದರು. ಹೆಂಡತಿಯ ಹಿಂದೆ ಕೂಡುವುದು ನಮ್ಮ ಊರಿನ ಗಂಡಸರಿಗೆ ಸಣ್ಣ ಮಾತಲ್ಲ. ಕಣ್ಣು ಕಾಣದಿದ್ದರೂ ಓಣಿ ಕಾಣುತ್ತದೆ. ನಾನು ಕರೆಯಲಿಲ್ಲ, ತಿರುಗಿ ನೋಡಲೂ ಇಲ್ಲ. ಅವರೂ ಒಂದು ಪರೀಕ್ಷೆಯಲ್ಲಿದ್ದರು, ನೋಡಿದರೆ ಮರೆತುಹೋದೀತು.

ಗಾಡಿ ಕುಕ್ಕರಿಸಿತು. ಹತ್ತಿ ಕುಳಿತಿದ್ದರು. ತಲೆಗೆ ಮಗಳ ಗುಲಾಬಿ ಬಣ್ಣದ ಹೆಲ್ಮೆಟ್ಟು.

“ನಾ ಎಲ್ಲಿ ಹಿಡೀಲಿ?” ಎಂದು ಮೆಲ್ಲಗೆ ಕೇಳಿದರು.

ಇಪ್ಪತ್ತು ವರ್ಷ ನಾನು ಹಿಡಿದದ್ದು ಎಲ್ಲಿ ಎಂಬುದು ಅವರಿಗೆ ಗೊತ್ತಿತ್ತು. “ಹೆಗಲು ಹಿಡೀರಿ” ಎಂದೆ. ಊರ ಅಗಸಿ ದಾಟುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಹಿಂದಿನಿಂದ, “ಸಾವಕಾಶ” ಎಂದು ಕೇಳಿಸಿತು. ನಾನು ಕಣ್ಣು ಮುಚ್ಚಲಿಲ್ಲ. ಗಾಡಿಯನ್ನು ಬಾಜೂಕ್ಕೆ ಇಳಿಸಿದೆ.